4.9 ನ್ಯಾನೋಮೀಟರಿನಲ್ಲಿ ಯಾರೂ ಇರಲಿಲ್ಲ

ನಾನು ಅಳೆದು, ನಕ್ಷೆ ಬರೆದು, ಪೋಸ್ಟರ್ ಮಾಡಿ ಗೋಡೆಗೆ ಅಂಟಿಸಿ, ಬಂದುಹೋದವರಿಗೆಲ್ಲ ತೋರಿಸಿದ ದೂರ 4.9 ನ್ಯಾನೋಮೀಟರ್. ಒಂದು ಪ್ರೋಟೀನಿನ ಎರಡು ಹೋಳುಗಳ ನಡುವಿನ ದೂರ ಅದು. ಬಹಳ ತಡವಾಗಿ ಗೊತ್ತಾಯಿತು: ನನ್ನ ಶೀಷೆಯೊಳಗಿದ್ದ ಲೆಕ್ಕವಿಲ್ಲದಷ್ಟು ಅಣುಗಳಲ್ಲಿ ಹೆಚ್ಚುಕಡಿಮೆ ಯಾವುದೂ ಆ ದೂರದಲ್ಲಿ ಇರಲೇ ಇಲ್ಲ. ಅರ್ಧದಷ್ಟು 3.5ರ ಆಸುಪಾಸು, ಇನ್ನರ್ಧ 6.5ರ ಆಸುಪಾಸು. ನಡುವೆ ಬಯಲು.

ಉಪಕರಣ ಸರಿಯಾಗಿಯೇ ಇತ್ತು. ಪ್ರೋಟೀನೂ ಶುದ್ಧ. ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪೂ ಇರಲಿಲ್ಲ. ಹೇಳಿಕೊಳ್ಳಲು ಇಷ್ಟು ಮುಜುಗರ ಆಗುವುದು ಅದಕ್ಕೇ. ಯಂತ್ರ ಕೆಟ್ಟಿದ್ದರೆ ಯಂತ್ರವನ್ನು ಬೈದು ಪಾರಾಗಬಹುದಿತ್ತು.

ನಾನು ಜವಳಗಿರಿಯವನು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಗಡಿಯೂರು. ಮನೆಯಲ್ಲಿ ಕನ್ನಡ, ಸಂತೆಗೆ ಹೋದರೆ ತೆಲುಗು, ಡೆಂಕಣಿಕೋಟೆಯ ಕಚೇರಿಗೆ ಹೋದರೆ ತಮಿಳು. ಊರಾಚೆ ಕಾಡು. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ಇಳಿಯುತ್ತದೆ, ಊರಿಗೆ ಊರೇ ರಾತ್ರಿ ನಿದ್ದೆ ಬಿಡುತ್ತದೆ. ಅಪ್ಪ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಸಾಹತಿನಲ್ಲಿ ಒಂದು ಸಣ್ಣ ಕಾರ್ಖಾನೆಯ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಕೂತು ಸಂಸಾರ ಸಾಗಿಸಿದವರು. ಲೇತಿನಲ್ಲಿ ಕಡೆದು ಬಂದ ಪಿನ್ನುಗಳನ್ನು ಮೈಕ್ರೋಮೀಟರಿನ ಬಾಯಿಗೆ ಕೊಟ್ಟು ನೋಡಿ ಬರೆದುಕೊಳ್ಳುವ ಕೆಲಸ. ಮಿಲಿಮೀಟರಿನ ನೂರನೇ ಒಂದು ಪಾಲು ಎನ್ನುವುದು ಊಟದ ಹೊತ್ತಿನಲ್ಲೂ ಬರುತ್ತಿದ್ದ ಮಾತು. ಅಳತೆಯ ಹುಚ್ಚು ನನಗೆ ಹಿಡಿದದ್ದು ಅಲ್ಲಿಂದ. ಹುಚ್ಚು ಮಾತ್ರ ಹಿಡಿಯಿತು. ಅವರಿಗಿದ್ದ ಅನುಮಾನ ಹಿಡಿಯಲಿಲ್ಲ.

ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಡಿಎನ್‌ಎ ಎಳೆಯ ಅಗಲವೇ ಸುಮಾರು 2 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 400ರಿಂದ 700. ಹಾಗಾಗಿ ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಬಂದ ಎರಡು ಚುಕ್ಕಿಗಳು ಕಲೆತು ಒಂದೇ ಆಗಿ ಕಾಣುತ್ತವೆ. ಐದು ನ್ಯಾನೋಮೀಟರ್ ದೂರವನ್ನು ಬೆಳಕಿನಿಂದ ಅಳೆಯಬೇಕೆಂದರೆ ನೋಡುವುದನ್ನು ಬಿಟ್ಟು ಬೇರೆ ಉಪಾಯ ಹುಡುಕಬೇಕು.

ಆ ಉಪಾಯದ ಗಣಿತವನ್ನು 1940ರ ದಶಕದ ಕೊನೆಯಲ್ಲಿ ಕಟ್ಟಿಕೊಟ್ಟವರು ಜರ್ಮನಿಯ ಥಿಯೊಡೋರ್ ಫರ್ಸ್ಟರ್. ಒಂದು ಡೈ ಅಣು ಬೆಳಕು ಹೀರಿಕೊಂಡು ಚೈತನ್ಯ ತುಂಬಿಕೊಂಡಾಗ, ತಕ್ಕ ಗುಣದ ಇನ್ನೊಂದು ಡೈ ಹತ್ತಿರದಲ್ಲಿದ್ದರೆ, ತಾನು ಬೆಳಕು ಸೂಸದೆಯೇ ಆ ಚೈತನ್ಯವನ್ನು ಅದಕ್ಕೆ ದಾಟಿಸಿಬಿಡುತ್ತದೆ. ಕೊಡುವ ಡೈ ಹಸಿರು, ಪಡೆಯುವ ಡೈ ಕೆಂಪು ಆಗಿದ್ದರೆ, ಹಸಿರು ಮಂಕಾಗುತ್ತದೆ, ಕೆಂಪು ಹೊಳೆಯುತ್ತದೆ. ಎಷ್ಟು ದಾಟಿತು ಎನ್ನುವುದು ಎರಡರ ನಡುವಿನ ದೂರದ ಆರನೇ ಘಾತವನ್ನು ಹಿಡಿದು ಕುಸಿಯುತ್ತದೆ. ಹೆಚ್ಚಿನ ಡೈ ಜೋಡಿಗಳಿಗೆ ಐದಾರು ನ್ಯಾನೋಮೀಟರಿನಲ್ಲಿ ಚೈತನ್ಯದ ಅರ್ಧ ಪಾಲು ದಾಟುತ್ತದೆ. ಅಲ್ಲಿಂದ ಸ್ವಲ್ಪ ಹತ್ತಿರ ಸರಿದರೆ ಬಹುಪಾಲು ದಾಟುತ್ತದೆ, ಸ್ವಲ್ಪ ದೂರ ಸರಿದರೆ ಏನೂ ದಾಟದಂತಾಗುತ್ತದೆ. ಇದಕ್ಕೆ ಫ್ರೆಟ್ ಎಂದು ಹೆಸರು. 1967ರಲ್ಲಿ ಅಮೆರಿಕದ ಲುಬರ್ಟ್ ಸ್ಟ್ರೈಯರ್ ಮತ್ತು ರಿಚರ್ಡ್ ಹಾಗ್ಲಂಡ್, ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಒಂದರಿಂದ ಹನ್ನೆರಡರವರೆಗೆ ಸಾಲಾಗಿ ಪೋಣಿಸಿ, ಎರಡು ತುದಿಗೂ ಡೈ ಕಟ್ಟಿ, ಆರನೇ ಘಾತದ ನಿಯಮ ನಿಜಕ್ಕೂ ನಡೆಯುತ್ತದೆಂದು ತೋರಿಸಿದರು. ಬೆಳಕಿನ ಅಳತೆಗೋಲು ಎಂಬ ಮಾತು ಆಗ ಚಾಲ್ತಿಗೆ ಬಂತು.

ಆ ಪ್ರೋಲೀನ್ ಸರಪಳಿ ಗಟ್ಟಿ ಕಡ್ಡಿಯ ಹಾಗೆ ನೆಟ್ಟಗಿರುತ್ತದೆ ಎಂದು ಅವರು ಎಣಿಸಿದ್ದರು. 2005ರಲ್ಲಿ ಬೆಂಜಮಿನ್ ಶೂಲರ್ ಮತ್ತು ಸಂಗಡಿಗರು ಒಂದೊಂದೇ ಅಣುವನ್ನು ಹಿಡಿದು ನೋಡಿದಾಗ ಅದು ಅಷ್ಟು ನೆಟ್ಟಗಿಲ್ಲ, ಬಾಗುತ್ತದೆ ಎಂದು ತಿಳಿಯಿತು. ಅವರ ಲೇಖನವನ್ನು ನಾನು ಕೆಲಸ ಶುರು ಮಾಡುವ ಮುಂಚೆಯೇ ಓದಿದ್ದೆ. ಅಂಚಿನಲ್ಲಿ ಪೆನ್ಸಿಲಿನ ಗೀಟು ಕೂಡ ಹಾಕಿದ್ದೆ. ಓದಿದ್ದು ತಲೆಗೆ ಹೋಗಿರಲಿಲ್ಲ, ಅಷ್ಟೆ.

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನನಗೆ ಸಿಕ್ಕಿದ ಪ್ರೋಟೀನಿಗೆ ಎರಡು ಹೋಳು, ನಡುವೆ ಬಾಗುವ ಕತ್ತು. ಎರಡೂ ಹೋಳುಗಳ ಮೈಮೇಲೆ ಒಂದೊಂದು ಜಾಗ ಆರಿಸಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಕೂರಿಸಿ, ಅಲ್ಲಿಗೆ ಹಸಿರು ಡೈ, ಕೆಂಪು ಡೈ ಅಂಟಿಸಿದೆ. ಶೀಷೆಯ ಮೇಲೆ ಬೆಳಕು ಬಿಟ್ಟು ಹಸಿರೆಷ್ಟು, ಕೆಂಪೆಷ್ಟು ನೋಡಿದೆ. ಚೈತನ್ಯದ ಶೇಕಡಾ 53 ದಾಟುತ್ತಿತ್ತು. ಸೂತ್ರದಲ್ಲಿ ಹಾಕಿದೆ. 4.9 ಬಂತು. ಮತ್ತೆ ಹೊಸದಾಗಿ ಪ್ರೋಟೀನ್ ತಯಾರಿಸಿ ಅಳೆದೆ. ಮತ್ತೆ 4.9. ಪದೇಪದೇ ಒಂದೇ ಉತ್ತರ ಬಂದರೆ ಅದು ಸತ್ಯ ಎಂದು ನಂಬುವ ವಯಸ್ಸು.

ಎಚ್ಚರಿಕೆಯ ಸೂಚನೆಗಳು ಇರಲಿಲ್ಲವೆಂದಲ್ಲ. ಹಸಿರು ಡೈ ಬೆಳಗಿ ಆರುವುದಕ್ಕೆ ಕೆಲವು ನ್ಯಾನೋಸೆಕೆಂಡು ಬೇಕು. ಪಕ್ಕದ ಕೆಂಪು ಡೈ ಚೈತನ್ಯ ಕಸಿದುಕೊಂಡರೆ ಅದು ಬೇಗ ಆರುತ್ತದೆ. ಹಾಗೆ ಆರುವ ವೇಗವನ್ನೂ ಅಳೆದಿದ್ದೆ, ಇದಕ್ಕೆ ಲೈಫ್‌ಟೈಮ್ ಅಳತೆ ಎನ್ನುತ್ತಾರೆ. ಎಲ್ಲ ಅಣುಗಳೂ ಒಂದೇ ದೂರದಲ್ಲಿದ್ದರೆ ಒಂದೇ ವೇಗದಲ್ಲಿ ಇಳಿಯುವ ಗೆರೆ ಬರಬೇಕಿತ್ತು. ನನಗೆ ಬಂದ ಗೆರೆ ಮೊದಲು ಸರ್ರನೆ ಇಳಿದು ಆಮೇಲೆ ನಿಧಾನವಾಗಿ ಎಳೆಯುತ್ತಿತ್ತು. ಎರಡು ವೇಗ ಕಣ್ಣಿಗೇ ಕಾಣುತ್ತಿದ್ದವು. ಡೈ ಪ್ರೋಟೀನಿನ ಮೈಗೆ ಅಂಟಿಕೊಂಡು ಹೀಗೆ ಮಾಡುತ್ತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥದ್ದು ನಡೆಯುವುದೂ ಉಂಟು, ಆದ್ದರಿಂದ ಕೇಳಿದವರೂ ತಲೆದೂಗಿದರು. ಎರಡೂ ವೇಗಗಳಲ್ಲಿ ಆರಲು ಹಿಡಿದ ಸಮಯಗಳ ಸರಾಸರಿ ತೆಗೆದೆ. ಸರಿಯಾಗಿ 4.9ಕ್ಕೇ ಬಂದು ಕೂತಿತು. ಅವತ್ತು ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ.

ಈಗ ಅದನ್ನು ಕಾಗದದ ಮೇಲೆ ಬಿಡಿಸಿದರೆ ನಗು ಬರುತ್ತದೆ. ಅರ್ಧ ಚೈತನ್ಯ ದಾಟುವ ದೂರ 5 ನ್ಯಾನೋಮೀಟರ್ ಎಂದಿಟ್ಟುಕೊಳ್ಳಿ. 3.5ರಲ್ಲಿರುವ ಅಣು ತನ್ನ ಚೈತನ್ಯದ ಸುಮಾರು ಶೇಕಡಾ 90 ದಾಟಿಸುತ್ತದೆ. 6.5ರಲ್ಲಿರುವುದು ಸುಮಾರು ಶೇಕಡಾ 17. ಅರ್ಧರ್ಧ ಬೆರೆಸಿದರೆ ಸರಾಸರಿ 53. ಆ 53ನ್ನು, ಇವೆಲ್ಲ ಒಂದೇ ತರದ ಅಣುಗಳು ಎಂಬಂತೆ ಸೂತ್ರಕ್ಕೆ ಕೊಟ್ಟರೆ 4.9 ಹೊರಬೀಳುತ್ತದೆ. ಸೂತ್ರ ಸುಳ್ಳು ಹೇಳುವುದಿಲ್ಲ. ಕೊಟ್ಟದ್ದನ್ನು ಅರೆದು ಕೊಡುತ್ತದೆ.

ಇದನ್ನು ಹೊರಗೆಡವಿದ್ದು ಕಾಂತತ್ವ. ಬೇರೆ ಊರಿನ ಒಂದು ಗುಂಪು ಅದೇ ಪ್ರೋಟೀನಿನ ಅದೇ ಎರಡು ಜಾಗಗಳಿಗೆ ಡೈ ಬದಲು ನೈಟ್ರಾಕ್ಸೈಡ್ ಎಂಬ ಪುಟ್ಟ ಅಣುಗಳನ್ನು ಅಂಟಿಸಿ ನೋಡಲು ಒಪ್ಪಿಕೊಂಡಿತು. ನೈಟ್ರಾಕ್ಸೈಡಿನಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ, ಅದು ಅತಿ ಸಣ್ಣ ಅಯಸ್ಕಾಂತ. ಹೀಗೆ ಪ್ರೋಟೀನಿಗೆ ಬೇಕಾದ ಕಡೆ ಅಯಸ್ಕಾಂತ ಕಟ್ಟುವ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರು ಲಾಸ್ ಏಂಜಲೀಸಿನ ವೇಯ್ನ್ ಹಬ್ಬೆಲ್. ಎಲೆಕ್ಟ್ರಾನಿನ ಈ ಕಾಂತ ಸ್ಪಂದನವನ್ನು ಮೊದಲು ಹಿಡಿದದ್ದು 1944ರಲ್ಲಿ, ಯುದ್ಧದ ನಡುವೆ, ಕಜಾನ್ ನಗರದ ಯೆವ್ಗೆನಿ ಜವೊಯ್ಸ್ಕಿ. ಅಂಥ ಎರಡು ಎಲೆಕ್ಟ್ರಾನುಗಳ ನಡುವಿನ ಸೆಳೆತವನ್ನು ಮಿಕ್ಕೆಲ್ಲ ಗದ್ದಲದಿಂದ ಬೇರೆ ಮಾಡಿ ಕೇಳುವ ದಾರಿಯನ್ನು 1981ರಲ್ಲಿ ನೋವೊಸಿಬಿರ್ಸ್ಕಿನ ಮಿಲೋವ್, ಸಲಿಖೋವ್, ಶಿರೋವ್ ತೋರಿಸಿದರು. ಡೀರ್ ಎನ್ನುತ್ತಾರೆ ಇದನ್ನು, ಪೆಲ್ಡೋರ್ ಎಂದೂ ಕರೆಯುತ್ತಾರೆ.

ಎರಡು ಎಲೆಕ್ಟ್ರಾನುಗಳು ಒಂದರ ಕಾಂತಕ್ಷೇತ್ರದಲ್ಲಿ ಇನ್ನೊಂದು ಇರುವುದರಿಂದ, ಮೈಕ್ರೋವೇವ್ ಮಿಡಿತಗಳಿಂದ ಅವನ್ನು ಮೀಟಿದರೆ ಪ್ರತಿಧ್ವನಿ ಏರಿಳಿಯುತ್ತದೆ. ಏರಿಳಿತದ ವೇಗವೇ ದೂರವನ್ನು ಹೇಳುತ್ತದೆ. ಒಂದು ನ್ಯಾನೋಮೀಟರಿನಲ್ಲಿ ಸೆಕೆಂಡಿಗೆ ಸುಮಾರು 5.2 ಕೋಟಿ ಏರಿಳಿತ, ಅಂದರೆ 52 ಮೆಗಾಹರ್ಟ್ಸ್. ಇಲ್ಲಿ ಕುಸಿತ ಆರನೇ ಘಾತದಲ್ಲಲ್ಲ, ಮೂರನೇ ಘಾತದಲ್ಲಿ. 3.5 ನ್ಯಾನೋಮೀಟರಿಗೆ 1.2 ಮೆಗಾಹರ್ಟ್ಸ್, 6.5ಕ್ಕೆ 0.19. ಮುಖ್ಯ ವ್ಯತ್ಯಾಸ ಏನೆಂದರೆ, ಎರಡು ಬಗೆಯ ಅಣುಗಳಿದ್ದರೆ ಎರಡು ಸ್ವರಗಳೂ ಗೆರೆಯೊಳಗೆ ಬೇರೆಬೇರೆಯಾಗಿ ಉಳಿಯುತ್ತವೆ, ಅರೆದು ಒಂದಾಗುವುದಿಲ್ಲ.

ಅಳೆಯಲು ಒಪ್ಪಿದ ಗುಂಪಿನವರು ಕಳಿಸಿದ ಮೊದಲ ಗೆರೆಯಲ್ಲಿ 3.5 ಮಾತ್ರ ಕಂಡಿತು. ನನಗೆ ಸಿಟ್ಟು ಬಂತು. ದ್ರಾವಣವನ್ನು ಗ್ಲಿಸರಾಲ್ ಬೆರೆಸಿ ಸೊನ್ನೆಗಿಂತ 220 ಡಿಗ್ರಿಯಷ್ಟು ಕೆಳಗೆ ಹೆಪ್ಪುಗಟ್ಟಿಸಿ ಅಳೆಯುತ್ತಾರೆ; ಅಷ್ಟು ಚಳಿಯಲ್ಲಿ ಪ್ರೋಟೀನು ಮುದುಡಿಕೊಂಡಿದೆ, ನನ್ನದು ಜೀವಂತ ಉಷ್ಣತೆಯ ಅಳತೆ, ನನ್ನದೇ ಸರಿ ಎಂದು ಉದ್ದದೊಂದು ಪತ್ರ ಬರೆದೆ. ಅದನ್ನು ಈಗ ಓದಲು ನನ್ನಿಂದಾಗುವುದಿಲ್ಲ. ಅವರು ವಾದಕ್ಕೆ ಇಳಿಯಲಿಲ್ಲ. 6.5 ನ್ಯಾನೋಮೀಟರಿನ ಒಂದು ಏರಿಳಿತ ಪೂರ್ತಿಯಾಗಲು ಐದು ಮೈಕ್ರೋಸೆಕೆಂಡಿಗಿಂತ ಹೆಚ್ಚು ಬೇಕು. ಮೊದಲ ಸಲ ಅಷ್ಟು ಹೊತ್ತು ಗೆರೆ ಎಳೆದಿರಲಿಲ್ಲ, ಆ ನಿಧಾನ ಸ್ವರ ಹಿನ್ನೆಲೆಯ ಇಳಿಜಾರಿನಲ್ಲಿ ಕಲೆತುಹೋಗಿತ್ತು. ನೀರಿನ ಬದಲು ಭಾರಜಲ ಬಳಸಿ, ಎಲೆಕ್ಟ್ರಾನಿನ ನೆನಪು ಹೆಚ್ಚು ಹೊತ್ತು ಉಳಿಯುವಂತೆ ಮಾಡಿ, ಉದ್ದವಾಗಿ ಅಳೆದರು. ಎರಡನೇ ದಿಬ್ಬ ಎದ್ದು ನಿಂತಿತು. 3.5 ಒಂದು, 6.5 ಒಂದು. ಹೋಳುಗಳು ಮುಚ್ಚಿದ ಪ್ರೋಟೀನ್, ತೆರೆದ ಪ್ರೋಟೀನ್. ನನ್ನ 4.9ರ ಜಾಗದಲ್ಲಿ ತಳ ಕಾಣುತ್ತಿತ್ತು.

ರಾಗಿ ಕಾವಲಿನ ದಿನಗಳಲ್ಲಿ ಊರಿಗೆ ಹೋದಾಗ ಮೊಬೈಲಿನಲ್ಲಿ ಆ ನಕ್ಷೆಯನ್ನು ಅಪ್ಪನಿಗೆ ತೋರಿಸಿದೆ. ವಿಜ್ಞಾನ ವಿವರಿಸುವ ಉಮೇದು ಏನೂ ಇರಲಿಲ್ಲ. ಏನಪ್ಪಾ ಮುಖ ಹಿಂಗೆ ಹಾಕ್ಕೊಂಡಿದೀಯ ಅಂತ ಕೇಳಿದ್ದರು, ಉತ್ತರಕ್ಕೆ ಅದನ್ನೇ ಮುಂದೆ ಹಿಡಿದೆ.

ಅವರು ಕನ್ನಡಕ ಸರಿಮಾಡಿಕೊಂಡು, “ಎರಡು ಮಿಷಿನ್ ಮಾಲು ಒಂದೇ ಟ್ರೇಗೆ ಸುರಿದವರೆ” ಅಂದರು.

ಅಷ್ಟೇ ಸಾಕಿತ್ತು. ಈ ಮಾತು ನನಗೆ ಹೊಸದಲ್ಲ. ಕಾರ್ಖಾನೆಯಲ್ಲಿ 10 ಮಿಲಿಮೀಟರ್ ಪಿನ್ ಬೇಕು ಎಂದಿರುತ್ತದೆ. ಒಂದು ಲೇತು ಸವೆದು 10.02 ಕಡೆಯುತ್ತದೆ, ಇನ್ನೊಂದು 9.98. ಎರಡೂ ಒಂದೇ ಟ್ರೇಗೆ ಬಿದ್ದರೆ ಸರಾಸರಿ ಬರೋಬ್ಬರಿ 10. ಸೂಪರ್‌ವೈಸರ್‌ಗೆ ಖುಷಿ, ಗಿರಾಕಿಗೆ ಒಂದೂ ಕೂರದ ಪಿನ್ನು. ಅಪ್ಪ ಅದಕ್ಕೇ ಸರಾಸರಿ ಬರೆಯುವ ಮುಂಚೆ ಒಂದೊಂದು ಪಿನ್ನಿಗೂ ಗೀಟು ಹಾಕಿ ಟ್ಯಾಲಿ ಶೀಟ್ ತುಂಬುತ್ತಿದ್ದರು. ಗೀಟುಗಳು ಒಂದು ಗುಡ್ಡವಾದರೆ ಸರಿ, ಎರಡು ಗುಡ್ಡವಾದರೆ ಲಾಟ್ ನಿಲ್ಲಿಸು. ಹೈಸ್ಕೂಲಿನ ರಜೆಯಲ್ಲಿ ಆ ಶೀಟುಗಳಿಗೆ ಗೀಟು ಎಳೆದುಕೊಟ್ಟವನು ನಾನೇ. ಡಾಕ್ಟರೇಟ್ ಮಾಡುವಷ್ಟರಲ್ಲಿ ಅದು ಕೂಲಿ ಕೆಲಸದ ಬುದ್ಧಿ ಎಂದು ಎಲ್ಲೋ ಒಳಗೆ ತಳ್ಳಿಬಿಟ್ಟಿದ್ದೆನೇನೋ.

ಅಪ್ಪನ ಹೋಲಿಕೆ ಪೂರ್ತಿ ಸರಿಯೂ ಅಲ್ಲ. 10.02 ಪಿನ್ನು ಮಧ್ಯಾಹ್ನದ ಹೊತ್ತಿಗೆ 9.98 ಆಗುವುದಿಲ್ಲ. ನನ್ನ ಪ್ರೋಟೀನು ಬಾಯಿ ತೆರೆಯುತ್ತ ಮುಚ್ಚುತ್ತ ಇರುತ್ತದೆ; ಹೆಪ್ಪುಗಟ್ಟಿಸಿದ ಕ್ಷಣದಲ್ಲಿ ಯಾವುದು ಎಲ್ಲಿತ್ತೋ ಅಲ್ಲಿ ನಿಂತಿತು ಅಷ್ಟೆ. ಇದನ್ನು ಹೇಳಿದೆ. ಅವರು ಹೂಂಗುಟ್ಟಿ, ಆಚೆ ತೋಟದ ಕಡೆ ಪಟಾಕಿ ಸದ್ದು ಕೇಳಿ ಟಾರ್ಚು ಹಿಡಿದು ಎದ್ದರು.

ನನಗೆ ಹೆಚ್ಚು ಚುಚ್ಚಿದ್ದು ಬೇರೆ ವಿಷಯ. ನಾನು ಮಾಡಬೇಕಿದ್ದುದನ್ನು ನಾನು ಕೆಲಸ ಮಾಡುತ್ತಿದ್ದ ಊರಿನಲ್ಲೇ, ನಾನು ಇದಕ್ಕೆ ಕೈ ಹಾಕುವ ಮುಂಚೆಯೇ ಮಾಡಿ ಮುಗಿಸಿದ್ದರು. ಬೆಂಗಳೂರಿನ ಬಳ್ಳಾರಿ ರಸ್ತೆಯ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್ ಅವರ ಗುಂಪು ಜೀವಕೋಶದ ಪೊರೆಯ ಮೇಲಿನ ಒಂದು ಜಾತಿಯ ಪ್ರೋಟೀನುಗಳು ಚದುರಿವೆಯೋ ಗುಂಪುಗೂಡಿವೆಯೋ ಎಂದು ಫ್ರೆಟ್‌ನಿಂದಲೇ ಕೇಳಿತು. ಅವರು ಬಳಸಿದ್ದು ಎರಡು ಬಣ್ಣವಲ್ಲ, ಒಂದೇ ಬಣ್ಣ. ಒಂದೇ ಬಣ್ಣದ ಅಣುಗಳು ತಮ್ಮತಮ್ಮಲ್ಲೇ ಚೈತನ್ಯ ದಾಟಿಸಿಕೊಂಡರೆ ಬಣ್ಣ ಬದಲಾಗುವುದಿಲ್ಲ. ಆದರೆ ಧ್ರುವೀಕರಿಸಿದ ಬೆಳಕು ಕೊಟ್ಟಿದ್ದರೆ ಹೊರಬರುವ ಬೆಳಕಿನ ದಿಕ್ಕು ಕದಡುತ್ತದೆ. ಆ ಕದಡುವಿಕೆಯನ್ನು ಹಿಡಿದು 1998ರಲ್ಲಿ ರಜತ್ ವರ್ಮಾ ಜೊತೆ ಮೊದಲ ಲೇಖನ, 2004ರಲ್ಲಿ ಇನ್ನೂ ದೊಡ್ಡ ಗುಂಪಿನೊಂದಿಗೆ ‘ಸೆಲ್’ ಪತ್ರಿಕೆಯಲ್ಲಿ ಮತ್ತೊಂದು. ಉತ್ತರ ಸರಾಸರಿ ದೂರವಾಗಿರಲಿಲ್ಲ. ಹೆಚ್ಚಿನ ಪ್ರೋಟೀನುಗಳು ಒಂಟಿ. ಶೇಕಡಾ 20ರಿಂದ 40 ಮಾತ್ರ ಪುಟ್ಟ ಗುಂಪುಗಳಲ್ಲಿ, ಒಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು, 5 ನ್ಯಾನೋಮೀಟರಿಗಿಂತ ಹತ್ತಿರ. ಎಷ್ಟು ಪಾಲು ಎಲ್ಲಿದೆ ಎಂಬುದೇ ಅವರ ಪ್ರಶ್ನೆ. ಸರಾಸರಿ ದೂರ ತೆಗೆದಿದ್ದರೆ ಒಂಟಿಗಳೂ ಗುಂಪುಗಳೂ ಕಲೆತು ಇಡೀ ಪೊರೆ ಸಾದಾಸೀದಾ ಕಾಣುತ್ತಿತ್ತು. ಆ ಲೇಖನವೂ ನಾನು ಓದಿದ್ದೇ.

ಕಾಂತತ್ವದ ಕಡೆಯೂ ಹಾಗೆಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್ ಅವರು ಜ್ಯೂರಿಕ್‌ನ ರಿಚರ್ಡ್ ಅರ್ನ್‌ಸ್ಟ್, ಕುರ್ಟ್ ವುಥ್ರಿಕ್ ಜೊತೆ 1980ರಲ್ಲಿ ಪ್ರಕಟಿಸಿದ ಎನ್‌ಎಂಆರ್ (ಪರಮಾಣು ಬೀಜಗಳ ಕಾಂತ ಸ್ಪಂದನ) ವಿಧಾನದಿಂದ ಪ್ರೋಟೀನಿನೊಳಗೆ ಅರ್ಧ ನ್ಯಾನೋಮೀಟರಿನೊಳಗೆ ಇರುವ ಹೈಡ್ರೋಜನ್ ಜೋಡಿಗಳನ್ನೆಲ್ಲ ಒಂದೇ ಪ್ರಯೋಗದಲ್ಲಿ ಪಟ್ಟಿ ಮಾಡಬಹುದಾಯಿತು. ಅರ್ನ್‌ಸ್ಟ್‌ಗೆ 1991ರಲ್ಲಿ, ವುಥ್ರಿಕ್‌ಗೆ 2002ರಲ್ಲಿ ನೊಬೆಲ್ ಬಂತು. ಆ ಜೋಡಿಗಳ ದೂರಗಳಿಂದ ಕಟ್ಟಿದ ಪ್ರೋಟೀನಿನ ರಚನೆಯನ್ನು ಸಾಮಾನ್ಯವಾಗಿ ಒಂದೇ ಆಕೃತಿಯಾಗಿ ಬರೆಯುವುದಿಲ್ಲ. ಅಳತೆಗೆ ಒಗ್ಗುವ ಹತ್ತಿಪ್ಪತ್ತು ಆಕೃತಿಗಳನ್ನು ಒಂದರ ಮೇಲೊಂದು ಕೂರಿಸಿ ಕಂತೆಯಾಗಿ ತೋರಿಸುತ್ತಾರೆ. ಅಂಥ ಕಂತೆಯ ಚಿತ್ರವನ್ನು ನಾನು ದಿನಾ ಕಾರಿಡಾರಿನಲ್ಲಿ ನೋಡುತ್ತ ಓಡಾಡಿದವನು. ಚಂದದ ಚಿತ್ರ ಎಂದುಕೊಂಡಿದ್ದೆ.

ಪ್ರಕಟಣೆಗೆ ಕಳಿಸಿದ್ದ ಲೇಖನವನ್ನು ವಾಪಸ್ ತೆಗೆದುಕೊಂಡೆ. ಅದು ನನಗೆ ಬಿದ್ದ ಪೆಟ್ಟು, ಇರಲಿ. ಆದರೆ ನನ್ನ ಕಿರಿಯ ವಿದ್ಯಾರ್ಥಿನಿಯೊಬ್ಬಳು ಆ 4.9ನ್ನು ಬುನಾದಿಯಾಗಿಟ್ಟುಕೊಂಡು, ಹೋಳುಗಳ ನಡುವಿನ ಸಂದಿಗೆ ಸರಿಯಾಗಿ ಕೂರುವ ಒಂದು ಅಣುವನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುತ್ತಿದ್ದಳು. ಇಲ್ಲದ ಬೀಗಕ್ಕೆ ಕೀಲಿಕೈ ಕಡೆಯುವ ಕೆಲಸ. ಅವಳ ಅಷ್ಟೂ ಶ್ರಮ ನೀರುಪಾಲಾಯಿತು. ವಿಷಯ ಹೇಳಲು ಹೋದಾಗ ನಾನು ಮಾತು ಸುತ್ತಿಸಿದೆ. ಹೊಸ ಮಾಹಿತಿ ಬಂದಿದೆ, ವಿಜ್ಞಾನದಲ್ಲಿ ಹೀಗೆಲ್ಲ ಆಗುತ್ತದೆ ಎಂದೆಲ್ಲ. ಅವಳು ಸುಮ್ಮನೆ ಕೇಳಿ, “ಸರ್, ಲೈಫ್‌ಟೈಮ್ ಗೆರೇಲಿ ಎರಡು ವೇಗ ಇತ್ತಲ್ವಾ ಆವಾಗ್ಲೇ?” ಎಂದಳು. ಇತ್ತು ಎಂದೆ. ಬೇರೆ ಏನು ಹೇಳುವುದು.

ಕಾಂತತ್ವ ಗೆದ್ದಿತು, ಬೆಳಕು ಸೋತಿತು ಎಂದು ಯಾರಾದರೂ ಓದಿಕೊಂಡರೆ ಅದೂ ನನ್ನಂಥದೇ ಅವಸರ. ಡೀರ್ ಗೆರೆಯಿಂದ ದೂರಗಳ ಹಂಚಿಕೆಯನ್ನು ತೆಗೆಯುವುದು ಗಣಿತದಲ್ಲಿ ಅಪಾಯದ ಹಾದಿ. ಗೆರೆಯ ಸಣ್ಣ ಗದ್ದಲವೂ ಇಲ್ಲದ ದಿಬ್ಬವನ್ನು ಎಬ್ಬಿಸಬಲ್ಲದು. ನೈಟ್ರಾಕ್ಸೈಡ್ ಕೂಡ ಒಂದು ಬಾಲದ ತುದಿಯಲ್ಲಿ ತೂಗಾಡುತ್ತದೆ, ಅದರ ಅಲುಗಾಟವೂ ಅಳತೆಯಲ್ಲಿ ಸೇರುತ್ತದೆ. ಬೆಳಕಿನ ಕಡೆ, 1996ರಿಂದ ಒಂದೊಂದೇ ಅಣುವಿನ ಫ್ರೆಟ್ ಅಳೆಯುವುದು ಸಾಧ್ಯವಾಗಿದೆ. ಅದು ಅಪ್ಪನ ಟ್ಯಾಲಿ ಶೀಟೇ, ಒಂದು ಅಣುವಿಗೆ ಒಂದು ಗೀಟು. 2018ರಲ್ಲಿ 20 ಪ್ರಯೋಗಾಲಯಗಳು ಒಂದೇ ಡಿಎನ್‌ಎ ಮಾದರಿಗಳನ್ನು ಉತ್ತರ ಗೊತ್ತಿಲ್ಲದೆ ಅಳೆದು ಹೋಲಿಸಿದಾಗ ಅಂಕಿಗಳು ಚೆನ್ನಾಗಿ ಹೊಂದಿಕೊಂಡವು. ನಮ್ಮಲ್ಲಿ ಆ ಉಪಕರಣ ಇರಲಿಲ್ಲ, ನಿಜ. ಇದ್ದಲ್ಲಿಗೆ ಹೋಗಿ ಕೇಳಲೂ ಇಲ್ಲ, ಅದೂ ನಿಜ.

ಬೆಳಕನ್ನೂ ಅಯಸ್ಕಾಂತವನ್ನೂ ಒಂದೇ ಪ್ರಯೋಗದಲ್ಲಿ ಕೂಡಿಸುವವರೂ ಇದ್ದಾರೆ. 2014ರಲ್ಲಿ ಇಟಲಿಯ ಪಾದುವಾದ ಮರಿಲೇನಾ ದಿ ವ್ಯಾಲೆಂಟಿನ್ ಮತ್ತು ಸಂಗಡಿಗರು ಒಂದು ಕಡೆ ನೈಟ್ರಾಕ್ಸೈಡ್ ಇಟ್ಟು, ಇನ್ನೊಂದು ಕಡೆ ಪಾರ್ಫಿರಿನ್ ಎಂಬ ಅಣುವನ್ನು ಬಳಸಿದರು. ನಮ್ಮ ರಕ್ತದ ಕೆಂಪಿಗೆ, ಎಲೆಯ ಹಸಿರಿಗೆ ಕಾರಣವಾದ ಅಣುಗಳ ಕುಲದ್ದು ಅದು. ಕತ್ತಲಲ್ಲಿ ಅದಕ್ಕೆ ಕಾಂತಗುಣ ಇಲ್ಲ. ಲೇಸರ್ ಬಿಟ್ಟರೆ ಕ್ಷಣಕಾಲ ಎರಡು ಎಲೆಕ್ಟ್ರಾನುಗಳು ಜೋಡಿ ಮುರಿದುಕೊಂಡು ಅದು ಅಯಸ್ಕಾಂತವಾಗುತ್ತದೆ. 2016ರಲ್ಲಿ ಜರ್ಮನಿಯ ಕಾನ್‌ಸ್ಟಾಂಜ್‌ನ ಗುಂಪು ಇದೇ ದಾರಿಯಲ್ಲಿ ಲೇಸರ್ ಮಿಂಚನ್ನೇ ಮೀಟುವ ಬೆರಳಾಗಿ ಬಳಸುವ ವಿಧಾನವನ್ನು ಪ್ರಕಟಿಸಿತು. ನನಗೆ ಇದರಲ್ಲಿ ಹಿಡಿಸುವುದು ಒಂದು ಸರಳ ಅನುಕೂಲ: ಲೇಸರ್ ಆರಿಸಿ ಅಳೆದರೆ ಆ ಎರಡನೇ ಅಯಸ್ಕಾಂತವೇ ಇಲ್ಲ. ಹಚ್ಚಿದ್ದು, ಆರಿಸಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಪ್ರೋಟೀನಿನಲ್ಲೇ ಹುಟ್ಟಿನಿಂದ ಪಾರ್ಫಿರಿನ್ ಇದ್ದರೆ, ಒಂದು ಕಡೆ ಬಾಲ ಕಟ್ಟುವ ಕೆಲಸವೂ ತಪ್ಪುತ್ತದೆ.

ಈಗ ಯಾರಾದರೂ ನನ್ನನ್ನು ಆ ಹೋಳುಗಳ ದೂರ ಎಷ್ಟು ಎಂದು ಕೇಳಿದರೆ ನಕ್ಷೆಯನ್ನೇ ತೆಗೆದು ತೋರಿಸುತ್ತೇನೆ. ಕೆಲವರಿಗೆ ಅಸಮಾಧಾನ. ಒಬ್ಬ ವಿಮರ್ಶಕರ ಪತ್ರದಲ್ಲಿ ಓದುಗರ ಅನುಕೂಲಕ್ಕಾಗಿ ಒಂದೇ ಸಂಖ್ಯೆ ಕೊಡಿ ಎಂದಿತ್ತು. ಕೊಡಲಿಲ್ಲ, ಎರಡು ಕೊಟ್ಟೆ, ಪಾಲುಗಳೊಂದಿಗೆ.

ಆ ವಿದ್ಯಾರ್ಥಿನಿ ತನ್ನ ಪ್ರಬಂಧದ ವಿಷಯ ಬದಲಿಸಿ, ಬಾಯಿ ಮುಚ್ಚಿದ ಪ್ರೋಟೀನಿಗೆ ಮಾತ್ರ ಕೂರುವ ಅಣುವನ್ನು ಹುಡುಕುತ್ತಿದ್ದಾಳೆ. ಮೊನ್ನೆ ನನ್ನ ಹಳೆಯ ಲೈಫ್‌ಟೈಮ್ ದಾಖಲೆಗಳನ್ನೆಲ್ಲ ಕೇಳಿ ಪಡೆದಳು, ಸರಾಸರಿ ತೆಗೆಯುವ ಮುಂಚಿನವು. ಎರಡು ವೇಗಕ್ಕೆ ಆ ಗೆರೆ ಪೂರ್ತಿ ಒಗ್ಗುತ್ತಿಲ್ಲವಂತೆ, ಮಧ್ಯದಲ್ಲಿ ಸಣ್ಣ ಪಾಲಿನ ಮೂರನೆಯದೊಂದು ಬೇಕಾಗುತ್ತಿದೆಯಂತೆ. 4.9ರ ಹತ್ತಿರವಾ ಎಂದು ಕೇಳಿದೆ. ಅಲ್ಲ ಸರ್, 4.2 ಅಂದಳು, ಆದರೆ ಅದು ಡೈ ಅಂಟಿಕೊಂಡಿದ್ದರಿಂದಲೂ ಇರಬಹುದು, ಬೇರೆ ಡೈ ಹಾಕಿ ನೋಡಿ ಹೇಳ್ತೀನಿ ಅಂದಳು.